ಅಂಕಗಳಿಂದ ಕಟ್ಟಡ ತಂಪಾಗುವುದಿಲ್ಲ

ಕಟ್ಟಡವೊಂದು ಪಾಯ ತೆಗೆದ ದಿನದಿಂದ ಕೆಡವುವ ದಿನದವರೆಗೆ ಎಷ್ಟು ಮಣ್ಣು, ಕಲ್ಲು, ನೀರು, ಇಂಧನ, ದುಡಿಮೆ ನುಂಗುತ್ತದೆ, ಅದರಲ್ಲಿ ಎಷ್ಟನ್ನು ಉಳಿಸಬಹುದು ಎಂದು ಅಳೆದು ಹೇಳುವುದು ಸುಸ್ಥಿರ ಕಟ್ಟಡವಿದ್ಯೆಯ ಕೆಲಸ. ವಾಸ್ತುಶಿಲ್ಪ ಅಥವಾ ಸಿವಿಲ್ ಎಂಜಿನಿಯರಿಂಗ್ ಪದವಿ ಮುಗಿಸಿದವರು ಎಂ.ಆರ್ಕ್., ಎಂ.ಟೆಕ್. ಮಟ್ಟದಲ್ಲಿ ಇದನ್ನು ಓದುತ್ತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳನ್ನು ಒಳಗೊಂಡ ಬೆಂಗಳೂರಿನ ಹೊರವಲಯದಲ್ಲಿ ಈ ವಿದ್ಯೆಯ ಬಗ್ಗೆ ಒಂದು ನಂಬಿಕೆ ಯಾರ ತಕರಾರೂ ಇಲ್ಲದೆ ಬೇರುಬಿಟ್ಟಿದೆ. ಕಟ್ಟಡಗಳಿಗೆ ದರ್ಜೆ ಕೊಡುವ ರೇಟಿಂಗ್ ಪದ್ಧತಿಯ ಅಂಕಗಳನ್ನು ಕೂಡಿಸಲು ಬಂದರೆ, ಸಿಮ್ಯುಲೇಶನ್ ಸಾಫ್ಟ್‌ವೇರ್ ನಡೆಸಲು ಗೊತ್ತಿದ್ದರೆ, ಹಸಿರು ಕಟ್ಟಡ ತಜ್ಞರಾದಂತೆ ಎಂಬುದೇ ಆ ನಂಬಿಕೆ. ಡೆವಲಪರ್‌ಗಳು ಬಯಸುವುದು ಇದನ್ನೇ, ಸಲಹಾ ಕಂಪನಿಗಳು ಕೆಲಸಕ್ಕೆ ಕರೆಯುವುದು ಇದನ್ನು ಬಲ್ಲವರನ್ನೇ. ಹಾಗಾಗಿ ವಿದ್ಯಾರ್ಥಿಗಳೂ ಇಷ್ಟನ್ನು ಕಲಿತರೆ ಸಾಕೆಂದುಕೊಳ್ಳುತ್ತಾರೆ. ಈ ನಂಬಿಕೆ ಅಪೂರ್ಣ ಎಂದಷ್ಟೇ ಹೇಳಿ ಬಿಡುವಂತಿಲ್ಲ, ಇದು ಹಾನಿಕರ. ಒಂದು ಊರಿನ ನೀರು, ಮಣ್ಣು, ಗಾಳಿಯನ್ನು ಕಾಯಬೇಕಾದ ವಿದ್ಯೆಯನ್ನು ಇದು ಅದೇ ಊರನ್ನು ಬರಿದು ಮಾಡುವ ಕಟ್ಟಡಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಕಸುಬಾಗಿಸಿದೆ.

ಮೊದಲ ಆರೋಪ ಹವೆಗೆ ಸಂಬಂಧಿಸಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ಹವಾವಲಯಗಳಾಗಿ ವಿಂಗಡಿಸುತ್ತದೆ. ಅದರಲ್ಲಿ ಸಮಶೀತೋಷ್ಣ ವಲಯಕ್ಕೆ ಪಠ್ಯಗಳು ಕೊಡುವ ಉದಾಹರಣೆ ಬೆಂಗಳೂರೇ. ವರ್ಷದ ಸರಾಸರಿ ಉಷ್ಣತೆ 24 ಡಿಗ್ರಿ ಆಸುಪಾಸು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಮುಟ್ಟಿದರೂ ರಾತ್ರಿ ಹೊತ್ತಿಗೆ ಗಾಳಿ ತಣಿಯುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಂಗಳೂರೂ ಸೇರಿದಂತೆ ಐದು ನಗರಗಳ 16 ಕಚೇರಿ ಕಟ್ಟಡಗಳಲ್ಲಿ ಕೆಲಸ ಮಾಡುವವರನ್ನು ಕೇಳಿ, 6,000ಕ್ಕೂ ಹೆಚ್ಚು ಉತ್ತರಗಳನ್ನು ಕಲೆಹಾಕಿ, ಭಾರತೀಯರ ದೇಹಕ್ಕೆ ಯಾವ ಉಷ್ಣತೆ ಹಿತ ಎಂಬುದಕ್ಕೆ ಒಂದು ಸೂತ್ರ ಕಟ್ಟಿದರು. 2016ರ ಕಟ್ಟಡ ಸಂಹಿತೆಯೂ ಅದನ್ನು ಸೇರಿಸಿಕೊಂಡಿತು. ಆ ಸೂತ್ರದ ಪ್ರಕಾರ ಕಿಟಕಿ ತೆರೆದಿಡುವ ಕಟ್ಟಡದಲ್ಲಿ, ಹೊರಗಿನ ಸರಾಸರಿ 24 ಡಿಗ್ರಿ ಇದ್ದಾಗ ಒಳಗೆ ಸುಮಾರು 26 ಡಿಗ್ರಿ ಹಿತವೆನಿಸುತ್ತದೆ. ಹೊರಗೆ 28 ಇದ್ದರೆ ಒಳಗೂ 28 ಹಿತವೇ. ಅಂದರೆ ನೆರಳು, ದಪ್ಪ ಗೋಡೆ, ಎದುರುಬದುರು ಕಿಟಕಿ, ಒಂದು ಫ್ಯಾನು ಇಷ್ಟಿದ್ದರೆ ಬೆಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಕಳೆಯಬಹುದು.

ಹೊರವಲಯದಲ್ಲಿ ಎದ್ದಿರುವುದೇನು? ತೆರೆಯಲು ಬಾರದ ಗಾಜಿನ ಹೊದಿಕೆ, ಪಡುವಣ ಬಿಸಿಲಿಗೆ ಎದೆಯೊಡ್ಡಿ ನಿಂತ ಮುಖ, ಒಳಗೆ ವರ್ಷವಿಡೀ 22-23 ಡಿಗ್ರಿಗೆ ಕಟ್ಟಿಹಾಕಿದ ಗಾಳಿ. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಆಮೇಲೆ ವಿದ್ಯುತ್ ಸುರಿದು ಹೊರಗಟ್ಟುವ ಏರ್ಪಾಡು ಇದು. ದುಬೈಯಲ್ಲಿ ನಿಂತರೂ ಟೆಕ್ಸಾಸಿನಲ್ಲಿ ನಿಂತರೂ ಹೀಗೇ ಇರುವ ಪೆಟ್ಟಿಗೆಯನ್ನು ವೈಟ್‌ಫೀಲ್ಡಿನಲ್ಲಿ ನಿಲ್ಲಿಸಿ, ಮೇಲೆ ಸೌರಫಲಕ ಹೊದಿಸಿ, ಅದನ್ನು ಸುಸ್ಥಿರ ಎಂದು ಹೇಗೆ ಕರೆಯುವುದು? ಇದೇ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸತಿಯಾಗಿ ಶುರುವಾದಾಗ ಕಟ್ಟಿದ ಮನೆಗಳಿಗೆ ಹೆಂಚಿನ ಸೂರು, ಸುತ್ತ ವರಾಂಡ, ಎತ್ತರದ ಗೋಡೆಗಳಿದ್ದವು. ಆ ಮನೆಗಳ ಪೈಕಿ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳ ಒಳಗಿನ ಉಷ್ಣತೆಯನ್ನು ಪಕ್ಕದ ಗಾಜಿನ ಗೋಪುರದ ಜೊತೆ ಹೋಲಿಸಿ ವರ್ಷವಿಡೀ ಅಳೆಯುವುದಕ್ಕಿಂತ ಒಳ್ಳೆಯ ಸ್ನಾತಕೋತ್ತರ ಪ್ರಬಂಧದ ವಿಷಯ ಇನ್ನೊಂದು ಬೇಕೆ?

ಎರಡನೆಯ ಆರೋಪ ಅಂಕಗಳ ಲೆಕ್ಕದ ಮೇಲೆ. ಭಾರತಕ್ಕೆ ಈ ರೇಟಿಂಗ್ ಪದ್ಧತಿ ಬಂದು ಕಾಲು ಶತಮಾನ ಸಮೀಪಿಸಿದೆ. ಭಾರತೀಯ ಕೈಗಾರಿಕಾ ಒಕ್ಕೂಟ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯನ್ನು ಕಟ್ಟಿತು. ಅಮೆರಿಕದ ಲೀಡ್ ರೇಟಿಂಗ್ ಇಲ್ಲಿ ಹರಡಿದ್ದು ಅದರ ಮೂಲಕ. 2007ರಲ್ಲಿ ಟೆರಿ ಸಂಶೋಧನಾ ಸಂಸ್ಥೆಯ ‘ಗೃಹ’ ಪದ್ಧತಿ ರಾಷ್ಟ್ರೀಯ ರೇಟಿಂಗ್ ಆಯಿತು. ಲೀಡ್‌ನಲ್ಲಿ ಒಟ್ಟು 110 ಅಂಕ. 40 ಬಂದರೆ ಪ್ರಮಾಣಪತ್ರ, 60ಕ್ಕೆ ಚಿನ್ನ, 80ಕ್ಕೆ ಪ್ಲಾಟಿನಂ. ಯೋಜನೆಯ ತಂಡದಲ್ಲಿ ಲೀಡ್ ಪರೀಕ್ಷೆ ಪಾಸಾದ ತಜ್ಞರೊಬ್ಬರಿದ್ದರೆ ಅದಕ್ಕೇ ಒಂದು ಅಂಕ. ತಜ್ಞರು ತಂಡದಲ್ಲಿದ್ದ ಮಾತ್ರಕ್ಕೆ ಕಟ್ಟಡದ ಒಂದು ಯೂನಿಟ್ ವಿದ್ಯುತ್ ಉಳಿಯುತ್ತದೆಯೇ?

ಇದಕ್ಕಿಂತ ಗಂಭೀರವಾದದ್ದು ಉಳಿತಾಯವನ್ನು ಎಣಿಸುವ ರೀತಿ. ಕಟ್ಟಡ ಶೇಕಡಾ ಇಷ್ಟು ಇಂಧನ ಉಳಿಸುತ್ತದೆ ಎಂದು ಫಲಕದಲ್ಲಿ ಬರೆಯುತ್ತಾರಲ್ಲ, ಅದು ಯಾವುದಕ್ಕೆ ಹೋಲಿಸಿ? ಪಕ್ಕದ ಕಟ್ಟಡಕ್ಕಲ್ಲ, ಹಿಂದಿನ ವರ್ಷದ ಬೆಸ್ಕಾಂ ವಿದ್ಯುತ್ ಬಿಲ್ಲಿಗೂ ಅಲ್ಲ. ಕಂಪ್ಯೂಟರಿನಲ್ಲಿ ಅದೇ ಗಾತ್ರದ ಒಂದು ಕಲ್ಪಿತ ಕಟ್ಟಡವನ್ನು ಕಟ್ಟುತ್ತಾರೆ. ಅದು ಎಷ್ಟು ವಿದ್ಯುತ್ ಉಣ್ಣುತ್ತಿತ್ತು ಎಂದು ಲೆಕ್ಕ ಹಾಕಿ, ಅದಕ್ಕಿಂತ ನಿಜ ಕಟ್ಟಡದ ನಕ್ಷೆ ಎಷ್ಟು ಕಡಿಮೆ ಉಣ್ಣಬಹುದು ಎಂದು ತೋರಿಸುತ್ತಾರೆ. ಐದು ಲಕ್ಷದ ಮದುವೆಗೆ ಇಪ್ಪತ್ತು ಲಕ್ಷ ಅಂದಾಜಿಸಿ, ಹದಿನೈದು ಲಕ್ಷ ಖರ್ಚು ಮಾಡಿ, ಐದು ಲಕ್ಷ ಉಳಿಸಿದೆವು ಎನ್ನುವ ಮನೆಯ ಲೆಕ್ಕದಂತೆ ಇದೆ ಇದು. ಲೀಡ್ ಆಧರಿಸುವ ಅಮೆರಿಕದ ಅಶ್ರೇ 90.1 ಮಾನಕದ ಲೆಕ್ಕದ ಕ್ರಮದಲ್ಲಿ ಇನ್ನೊಂದು ನಿಯಮವಿದೆ. ಹವಾನಿಯಂತ್ರಣವನ್ನೇ ಅಳವಡಿಸದ ಕಟ್ಟಡ ಬಂದರೂ, ಕಲ್ಪಿತ ಕಟ್ಟಡಕ್ಕಿರುವ ತಂಪು ಯಂತ್ರವೇ ಅದಕ್ಕೂ ಇದೆ ಎಂದು ಊಹಿಸಿ ಲೆಕ್ಕ ಹಾಕಬೇಕು. ಗಾಳಿ ಬೆಳಕಿನಿಂದಲೇ ತಂಪಾಗಿರುವ ಕಟ್ಟಡ ತನ್ನ ಉಳಿತಾಯವನ್ನು ತೋರಿಸಲು ಬೇರೆಯೇ ವಿಶೇಷ ಲೆಕ್ಕ ಒಪ್ಪಿಸಬೇಕು. ಯಂತ್ರವೇ ಬೇಡವೆಂದವರಿಗೆ ಹೆಚ್ಚು ಕಷ್ಟ, ದೊಡ್ಡ ಯಂತ್ರ ಕೊಂಡವರಿಗೆ ಸುಲಭದ ದಾರಿ. ಬೆಂಗಳೂರಿನ ಹವೆಗೆ ಇದಕ್ಕಿಂತ ಪ್ರತಿಕೂಲವಾದ ಅಳತೆಗೋಲು ಇರಲಾರದು.

ಈ ಅನುಮಾನ ಹೊಸದೂ ಅಲ್ಲ. 2008ರಲ್ಲಿ ಅಮೆರಿಕದ ನ್ಯೂ ಬಿಲ್ಡಿಂಗ್ಸ್ ಇನ್‌ಸ್ಟಿಟ್ಯೂಟ್ 121 ಲೀಡ್ ಕಟ್ಟಡಗಳ ನಿಜ ಬಳಕೆಯ ಅಂಕಿ ಪ್ರಕಟಿಸಿ, ಅವು ಉಳಿಸುತ್ತಿವೆ ಎಂದಿತು. ಮರುವರ್ಷ ಓಬರ್ಲಿನ್ ಕಾಲೇಜಿನ ಭೌತಶಾಸ್ತ್ರಜ್ಞ ಜಾನ್ ಸ್ಕೋಫೀಲ್ಡ್ ಅವೇ ಅಂಕಿಗಳನ್ನು ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತೂಗಿ ನೋಡಿ, ವಿದ್ಯುತ್ ಸ್ಥಾವರದಲ್ಲಿ ಸುಡುವ ಇಂಧನವನ್ನೂ ಸೇರಿಸಿದರೆ ಅಂಥ ಉಳಿತಾಯ ಕಾಣುವುದಿಲ್ಲ ಎಂದು ತೋರಿಸಿದರು. ಅಲ್ಲಿ ಕನಿಷ್ಠ ವಾದ ಮಾಡಲು ಅಂಕಿಗಳಿದ್ದವು. ನ್ಯೂಯಾರ್ಕ್ ನಗರ 2009ರ ಸ್ಥಳೀಯ ಕಾನೂನು 84ರ ಮೂಲಕ ದೊಡ್ಡ ಕಟ್ಟಡಗಳು ಪ್ರತಿವರ್ಷ ತಮ್ಮ ಇಂಧನ ಮತ್ತು ನೀರಿನ ಬಳಕೆಯನ್ನು ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿತು. ಬೆಂಗಳೂರಿನ ಟೆಕ್ ಪಾರ್ಕುಗಳಿಗೆ ಅಂಥ ಕಡ್ಡಾಯವಿಲ್ಲ. ಗೇಟಿನಲ್ಲಿ ಪ್ಲಾಟಿನಂ ಫಲಕ ಕಾಣುತ್ತದೆ, ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಕಾಣುವುದಿಲ್ಲ. ಭಾರತದಲ್ಲೇ ಇಂಧನ ದಕ್ಷತಾ ಬ್ಯೂರೋ 2009ರಲ್ಲಿ ಕಚೇರಿ ಕಟ್ಟಡಗಳಿಗೆ ತಂದ ಸ್ಟಾರ್ ರೇಟಿಂಗ್ ಈ ನಿಜ ಬಳಕೆಯನ್ನೇ ಆಧರಿಸಿದೆ. ಅಂದ ಮೇಲೆ ಅಳೆಯಲು ಆಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ಅಳೆಯಲು ಕೇಳುವವರಿಲ್ಲ, ಅಷ್ಟೆ. ಕೇಳಬೇಕಾದವರು ಯಾರು? ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರೇ ತಾನೆ? ಅವರಿಗೆ ಕಲಿಸಿದ್ದು ಮಾತ್ರ ಕಟ್ಟಡ ಏಳುವ ಮುಂಚಿನ ಲೆಕ್ಕವನ್ನು.

ಮೂರನೆಯ ಆರೋಪ ಎಲ್ಲಕ್ಕಿಂತ ಭಾರವಾದದ್ದು, ಏಕೆಂದರೆ ಇದರ ಉತ್ತರ ಬೆಂಗಳೂರಿನಲ್ಲೇ ಹುಟ್ಟಿತ್ತು. ಕಟ್ಟಡ ವಿದ್ಯುತ್ ಬಳಸಲು ಶುರುಮಾಡುವುದು ಬಾಗಿಲು ತೆರೆದ ಮೇಲೆ. ಆದರೆ ಸಿಮೆಂಟು ಸುಡುವಾಗ, ಕಬ್ಬಿಣ ಕರಗಿಸುವಾಗ, ಗಾಜು ಎರೆಯುವಾಗ ಆಗಲೇ ಅಪಾರ ಶಕ್ತಿ ಖರ್ಚಾಗಿರುತ್ತದೆ. ಕಟ್ಟಡದಲ್ಲಿ ಹುದುಗಿದ ಈ ಶಕ್ತಿಯನ್ನು ಭಾರತದ ಸಾಮಗ್ರಿಗಳಿಗೆ ಲೆಕ್ಕ ಹಾಕಿ ತೋರಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಒಂದು ಕಿಲೋ ಸಿಮೆಂಟಿಗೆ ಸುಮಾರು 6 ಮೆಗಾಜೂಲ್, ಗಾಜಿಗೆ 26, ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 237 ಮೆಗಾಜೂಲ್ ಶಕ್ತಿ ಬೇಕು. ಟೆಕ್ ಪಾರ್ಕಿನ ಹೊರಮೈ ಎಂದರೆ ಅಲ್ಯೂಮಿನಿಯಂ ಚೌಕಟ್ಟಿಗೆ ಸಿಕ್ಕಿಸಿದ ಗಾಜು. ಅಂದರೆ ಇರುವ ಸಾಮಗ್ರಿಗಳಲ್ಲೇ ಅತಿ ಹೆಚ್ಚು ಶಕ್ತಿ ನುಂಗುವುದನ್ನು ಆರಿಸಿ, ಅತಿ ಹೆಚ್ಚು ಬಿಸಿಲು ಒಳಬಿಡುವ ಜಾಗದಲ್ಲಿ ಹಚ್ಚಿದ್ದು. ಅದೇ ಪ್ರಬಂಧ ಮೂರು ಕಟ್ಟಡಗಳನ್ನೂ ಹೋಲಿಸಿತು. ಎಂಟು ಮಹಡಿಯ ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಗೋಡೆಯೇ ಭಾರ ಹೊರುವ ಎರಡು ಮಹಡಿಯ ಕಟ್ಟಡಕ್ಕೆ 2.92, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನ ಎರಡು ಮಹಡಿಗೆ 1.61.

ಈ ಮಣ್ಣಿನ ಬ್ಲಾಕಿನ ಹಿಂದೆ ದೊಡ್ಡ ಕೆಲಸವಿದೆ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ಕೇಂದ್ರ ಶುರುಮಾಡಿದರು. ವಿಜ್ಞಾನಿಗಳು ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಪ್ರಯೋಗಗಳನ್ನು ನಡೆಸಿದರು. ಕೈಯಿಂದ ಒತ್ತುವ ಮರ್ದಿನಿ ಯಂತ್ರ, ಮಣ್ಣಿಗೆ ಎಷ್ಟು ಮರಳು ಬೆರೆಸಬೇಕು, ಎಷ್ಟು ಸಿಮೆಂಟು ಸಾಕು, ಎಷ್ಟು ದಿನ ನೀರುಣಿಸಬೇಕು ಎಂಬ ಲೆಕ್ಕಗಳು, ಎಲ್ಲವೂ ಅಲ್ಲಿಂದ ಬಂದವು. ಈಗ ಆ ಕೇಂದ್ರ ಸುಸ್ಥಿರ ತಂತ್ರಜ್ಞಾನ ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಬಯೋಮ್ ಸಂಸ್ಥೆಯ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಬೆಂಗಳೂರಿನಲ್ಲೇ ನೆಲಮಾಳಿಗೆಗೆ ಅಗೆದ ಮಣ್ಣನ್ನು ಅಲ್ಲೇ ಬ್ಲಾಕು ಒತ್ತಿ, ಅದೇ ಮನೆಯ ಗೋಡೆ ಎಬ್ಬಿಸಿ ತೋರಿಸಿದ್ದಾರೆ. ಆದರೆ ಹೊರವಲಯದಲ್ಲಿ ಎರಡು ಮೂರು ಹಂತ ಪಾರ್ಕಿಂಗಿಗೆ ಅಗೆದ ಕೆಮ್ಮಣ್ಣು ಟಿಪ್ಪರುಗಳಲ್ಲಿ ಹೊರಟು ಯಾವುದೋ ಕೆರೆಯಂಗಳ, ಯಾವುದೋ ಹಳ್ಳ ಸೇರುತ್ತದೆ. ಗೋಡೆಗೆ ಬೇಕಾದ ಸಾಲಿಡ್ ಬ್ಲಾಕು, ಇಟ್ಟಿಗೆ ಇನ್ನೊಂದು ಲಾರಿಯಲ್ಲಿ ದೂರದಿಂದ ಬರುತ್ತದೆ. ಈಗ ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡಿಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿಗೆ 2025ರಿಂದ ಮೆಟ್ರೊ ಇದೆ. ಕಾರು ನಿಲ್ಲಿಸಲು ಭೂಮಿಯೊಳಗೆ ಇಷ್ಟು ಕಾಂಕ್ರೀಟು ಇನ್ನೂ ಏಕೆ ಬೇಕು ಎಂಬ ಪ್ರಶ್ನೆಯನ್ನು ಸುಸ್ಥಿರತೆಯ ತರಗತಿ ಕೇಳದಿದ್ದರೆ ಬೇರೆ ಯಾರು ಕೇಳಬೇಕು?

ಹತ್ತು ಮಹಡಿಗೆ ಮಣ್ಣಿನ ಗೋಡೆ ಕಟ್ಟಲಾಗದು ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಭಾರ ಹೊರುವ ಗೋಡೆಯಾಗಿ ಕಟ್ಟಲಾಗದು, ನಿಜ. ಚೌಕಟ್ಟಿನ ನಡುವೆ ತುಂಬುವ ಗೋಡೆಯಾಗಿ ಖಂಡಿತ ಕಟ್ಟಬಹುದು. ಅದಕ್ಕೂ ಮಿಗಿಲಾಗಿ, ಎಷ್ಟು ಮಹಡಿ ಬೇಕು, ಎಷ್ಟು ವಿಸ್ತಾರ ಬೇಕು, ಇರುವ ಹಳೆಯ ಕಟ್ಟಡವನ್ನು ಕೆಡವಲೇಬೇಕೆ ಎಂಬುದೇ ಸಂಪನ್ಮೂಲ ಉಳಿಸುವ ಮೊದಲ ನಿರ್ಧಾರ. ಆ ನಿರ್ಧಾರ ಮುಗಿದು ನಕ್ಷೆ ಗಟ್ಟಿಯಾದ ಮೇಲೆ ಸಲಹಾಕಾರರನ್ನು ಕರೆದು ಅಂಕ ತರಿಸಿಕೊಳ್ಳುವುದೇ ಸುಸ್ಥಿರತೆಯ ಅಭ್ಯಾಸ ಎಂದು ಒಪ್ಪಿಕೊಂಡಿರುವುದು ಇಡೀ ಅನರ್ಥದ ಬೇರು.

ನೀರಿನ ವಿಷಯ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಬೆಂಗಳೂರಿನವರಿಗೆ ಅದು ಅನುಭವವೇ. ಸುಮಾರು 100 ಕಿ.ಮೀ. ದೂರದಿಂದ, ನೂರಾರು ಮೀಟರ್ ಮೇಲಕ್ಕೆ ಪಂಪು ಮಾಡಿದ ಕಾವೇರಿ ನೀರನ್ನು ನಗರ ಕುಡಿಯುತ್ತದೆ. ಹೊರವಲಯದ 110 ಹಳ್ಳಿಗಳಿಗಾಗಿ ಕಟ್ಟಿದ ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಷ್ಟೇ ಚಾಲನೆಗೊಂಡಿತು. ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಜನ ಸಾಲುಗಟ್ಟಿದ್ದರು. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುವ ಊರಿದು. 1,000 ಚದರ ಮೀಟರಿನ ಒಂದು ಸೂರಿನ ಮೇಲೆ ಒಂಬತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ರೇಟಿಂಗಿನ ಲೆಕ್ಕ ನಿವೇಶನದ ಕಾಂಪೌಂಡಿಗೆ ಮುಗಿಯುತ್ತದೆ, ನೀರು ಅಲ್ಲಿ ನಿಲ್ಲುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಕಚೇರಿಗಳೂ ಬಡಾವಣೆಗಳೂ ಮುಳುಗಿ, ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ರಾಜಕಾಲುವೆಯ ಹಾದಿಯನ್ನು ಅರಿಯದ ಕಟ್ಟಡಕ್ಕೆ ಮಳೆನೀರು ನಿರ್ವಹಣೆಯ ಅಂಕ ಯಾವ ನ್ಯಾಯದಿಂದ ಸಲ್ಲುತ್ತದೆ? ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಸರಣಿಯ ನಕ್ಷೆಯನ್ನು ಓದಲು ಬಾರದವರಿಗೆ ಸುಸ್ಥಿರ ಕಟ್ಟಡದ ಸ್ನಾತಕೋತ್ತರ ಪದವಿ ಕೊಡಬಾರದು.

ಪೀಣ್ಯದ ಹೆಸರು ಈ ಚರ್ಚೆಯಲ್ಲಿ ಬರುವುದೇ ಅಪರೂಪ. ಪೀಣ್ಯದಲ್ಲಿ ಪ್ಲಾಟಿನಂ ಬಯಸುವ ಬಾಡಿಗೆದಾರರಿಲ್ಲ. ಅಲ್ಲಿರುವುದು ಸಿಮೆಂಟು ಶೀಟು, ತಗಡಿನ ಶೀಟು ಹೊದಿಸಿದ ಸಾವಿರಾರು ಸಣ್ಣ ಕಾರ್ಖಾನೆಗಳು. ಲೇತ್, ಪ್ಲೇಟಿಂಗ್, ಪುಡಿಬಣ್ಣ ಹಚ್ಚುವ ಘಟಕಗಳು, ಗಾರ್ಮೆಂಟ್ಸ್. ಅಂತರ್ಜಲದಲ್ಲಿ ಕ್ರೋಮಿಯಂ. ಬೇಸಿಗೆಯ ಮಧ್ಯಾಹ್ನ ಕಾದ ಶೀಟಿನ ಕೆಳಗೆ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾರೆ. ಹಳೆಯ ಕಾರ್ಖಾನೆಗಳಿಗೆ ಗರಗಸದ ಹಲ್ಲಿನಂತೆ ಉತ್ತರದ ಬೆಳಕು ತರುವ ಸೂರು ಕಟ್ಟುತ್ತಿದ್ದರು. ಬೆಳಕು ಬರುತ್ತಿತ್ತು, ನೇರ ಬಿಸಿಲು ಬರುತ್ತಿರಲಿಲ್ಲ. ಶೀಟಿಗೆ ಬಿಳಿ ಬಳಿಯುವುದು, ಅಡಿಯಲ್ಲಿ ತಡೆ ಹಾಕುವುದು, ಬಿಸಿ ಗಾಳಿ ಹೊರಹೋಗಲು ಮೇಲೆ ಕಿಂಡಿ ಬಿಡುವುದು, ಇವೆಲ್ಲ ಕಡಿಮೆ ಖರ್ಚಿನವು, ಬೇಗ ಆಗುವಂಥವು. ದೇಹದ ಹಿತವನ್ನು ಅಳೆಯುವ ಉಪಕರಣ ಹಿಡಿದ ವಿದ್ಯಾರ್ಥಿಗಳು ಏಕೆ ಹವಾನಿಯಂತ್ರಿತ ಕಚೇರಿಯ ಕಡೆಗೇ ನಡೆಯಬೇಕು? ವರ್ತೂರು, ಬೆಳ್ಳಂದೂರಿನ ಸುತ್ತ ಕಟ್ಟಡ ಕಾರ್ಮಿಕರು ಇರುವ ತಗಡಿನ ಶೆಡ್ಡುಗಳಿವೆ. ಹಸಿರು ಕಟ್ಟಡಗಳನ್ನು ಕಟ್ಟುವವರು ಮಲಗುವ ಜಾಗ ಅದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅವರಿಗೆ ಯೋಗ್ಯ ತಾತ್ಕಾಲಿಕ ವಸತಿ ಕೊಡಬೇಕೆಂದು ಮಾಲೀಕರಿಗೆ ಹೊಣೆ ಹೊರಿಸಿತು. ಆ ಶೆಡ್ಡಿನೊಳಗೆ ಮೇ ತಿಂಗಳಲ್ಲಿ ಎಷ್ಟು ಡಿಗ್ರಿ ಎಂದು ಅಳೆಯದ ವಿದ್ಯೆ ಯಾರ ಹಿತವನ್ನು ಕಾಯುತ್ತಿದೆ?

ಇನ್ನು ಕಲಿಕೆಯ ಭಾಷೆ. ಗೋಡೆಯ ತೂಕ, ಸುಣ್ಣದ ಗಾರೆಯ ಹದ, ಚಪ್ಪಡಿಯ ದಪ್ಪ, ಸೈಜುಗಲ್ಲಿನ ಜೋಡಣೆ ಗೊತ್ತಿರುವವರು ಗಾರೆ ಮೇಸ್ತ್ರಿಗಳು, ಕಲ್ಲುಕುಟಿಗರು. ಅವರ ಮಾತು ಕನ್ನಡ, ತೆಲುಗು, ತಮಿಳು. ಸ್ನಾತಕೋತ್ತರ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಸೈಟಿನ ಮೇಸ್ತ್ರಿಗೆ ಕಿಟಕಿಯ ಮೇಲಿನ ಸಜ್ಜಾ ಏಕೆ ಇಷ್ಟೇ ಮುಂದಕ್ಕೆ ಚಾಚಬೇಕು ಎಂದು ಕನ್ನಡದಲ್ಲಿ ವಿವರಿಸಲಾಗದ ಪದವೀಧರರು ನಕ್ಷೆಯಲ್ಲಿ ಮಾಡಿದ ಉಳಿತಾಯ ಸೈಟಿನಲ್ಲಿ ಉಳಿಯುವುದಿಲ್ಲ. ಮೇಸ್ತ್ರಿಯನ್ನು ಗೌರವಧನ ಕೊಟ್ಟು ತರಗತಿಗೆ ಕರೆಯುವುದು ವಿಶ್ವವಿದ್ಯಾಲಯಕ್ಕೆ ಅವಮಾನವೇನೂ ಅಲ್ಲ.

ಕೊನೆಗೆ ಉಳಿಯುವ ವಾದ ಉದ್ಯೋಗದ್ದು: ಮಾರುಕಟ್ಟೆ ಅಂಕ ಕೇಳುತ್ತದೆ, ಅದನ್ನು ಕಲಿಸದಿದ್ದರೆ ವಿದ್ಯಾರ್ಥಿಗೆ ಕೆಲಸ ಸಿಗುವುದಿಲ್ಲ. ಅಂಕದ ಪುಸ್ತಕ ಕೆಲವು ವಾರಗಳ ಓದು. ಅದಕ್ಕೊಂದು ಪರೀಕ್ಷೆಯಿದೆ, ಯಾರು ಬೇಕಾದರೂ ಕಟ್ಟಬಹುದು. ಎರಡು ವರ್ಷದ ಸ್ನಾತಕೋತ್ತರ ಪದವಿ ಅದಕ್ಕೆ ಬೇಕಿಲ್ಲ. ಎರಡು ವರ್ಷ ಕಲಿಯಬೇಕಾದದ್ದು ಬೇರೆ. ದೊಮ್ಮಲೂರಿನ ಟೆರಿ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ್ ಮೊಹೆ ವಿನ್ಯಾಸ ಮಾಡಿದಾಗ ದಕ್ಷಿಣದಲ್ಲಿ ಕೊಳಚೆ ಕಾಲುವೆಯಿತ್ತು, ಗಾಳಿ ಬೀಸುತ್ತಿದ್ದುದೂ ಅತ್ತಲಿಂದಲೇ. ಅವರು ಆ ಕಡೆಗೆ ಕಿಟಕಿ ಇಡಲಿಲ್ಲ. ಕಪ್ಪು ಕಡಪ ಕಲ್ಲಿನ ಗೋಡೆ ಎಬ್ಬಿಸಿ, ಬಿಸಿಲಿಗೆ ಕಾದ ಗಾಳಿ ಮೇಲೇರುವಂತೆ ಮಾಡಿ, ಉತ್ತರದಿಂದ ತಂಪು ಗಾಳಿಯನ್ನು ಒಳಗೆಳೆದರು. ಅಂಕಪಟ್ಟಿಯನ್ನು ಬಾಯಿಪಾಠ ಮಾಡಿದವರಿಂದ ಈ ಪರಿಹಾರ ಬರುವುದಿಲ್ಲ. ನಿವೇಶನದ ಗಾಳಿಯನ್ನು ಓದಲು ಕಲಿತವರಿಂದ ಮಾತ್ರ ಬರುತ್ತದೆ.

ಆದ್ದರಿಂದ ಬದಲಾವಣೆ ಪಠ್ಯದ ಒಂದು ಐಚ್ಛಿಕ ವಿಷಯಕ್ಕೆ ನಿಲ್ಲಬಾರದು. ರಾಜ್ಯದ ವಿಶ್ವವಿದ್ಯಾಲಯಗಳು ಈ ವಿಷಯದ ಪ್ರತಿ ಸ್ನಾತಕೋತ್ತರ ಪ್ರಬಂಧಕ್ಕೂ, ಜನ ವಾಸವಿರುವ ಅಥವಾ ದುಡಿಯುವ ಒಂದು ನಿಜ ಕಟ್ಟಡವನ್ನು ಒಂದು ಪೂರ್ಣ ವರ್ಷ ಅಳೆದ ಅಂಕಿಗಳನ್ನು ಕಡ್ಡಾಯ ಮಾಡಬೇಕು. ಪ್ರತಿ ವಿಭಾಗಕ್ಕೂ ಮಣ್ಣು, ಸುಣ್ಣ, ಕಲ್ಲಿನ ಕೆಲಸದ ಅಂಗಳ ಬೇಕು, ಅಲ್ಲಿ ಕಲಿಸಲು ಮೇಸ್ತ್ರಿಗಳು ಬೇಕು. ಪೀಣ್ಯದ ಒಂದು ಶೆಡ್ಡನ್ನಾದರೂ ತಂಪು ಮಾಡಿ ತೋರಿಸದವರಿಗೆ ಪದವಿ ಇಲ್ಲ ಎನ್ನಬೇಕು. ಸರ್ಕಾರ ದೊಡ್ಡ ಕಟ್ಟಡಗಳ ವಾರ್ಷಿಕ ವಿದ್ಯುತ್ ಮತ್ತು ನೀರಿನ ಬಳಕೆಯನ್ನು ಚದರ ಮೀಟರಿನ ಲೆಕ್ಕದಲ್ಲಿ ಪ್ರಕಟಿಸುವ ಕಾನೂನು ತರಬೇಕು. ಬೆಸ್ಕಾಂ ಮತ್ತು ಜಲಮಂಡಳಿಯ ಬಿಲ್ಲುಗಳಲ್ಲಿ ಆ ಅಂಕಿಗಳು ಆಗಲೇ ಇವೆ. ಪ್ರವೇಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಗಳೂ ಶುಲ್ಕ ಕಟ್ಟುವ ಮುನ್ನ ವಿಭಾಗದವರನ್ನು ಕೇಳಲಿ: ನಿಮ್ಮಲ್ಲಿ ಓದಿದವರು ಇದುವರೆಗೆ ಯಾವ ಕಟ್ಟಡದ ಬಿಲ್ಲನ್ನು ಇಳಿಸಿದ್ದಾರೆ, ಎಷ್ಟು ಇಳಿಸಿದ್ದಾರೆ? ಉತ್ತರ ಇಲ್ಲದ ಕಡೆ ಸೇರಬೇಡಿ.